ಮೆಟ್ನರ್ ಸೊಸೈಟಿ

ರಷ್ಯನ್ ಸಂಗೀತ ರಚನಕಾರ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ (1880-1951) ಅವರ ಕೃತಿಗಳನ್ನು ಅವರದೇ ವಾದನದಲ್ಲಿ ಧ್ವನಿಮುದ್ರಿಸಿ ಉಳಿಸುವ ಸಲುವಾಗಿ 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಸಂಸ್ಥೆ. ಸ್ಥಾಪಕರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ (1919-74).

ಹಿನ್ನೆಲೆ

ಮಾಸ್ಕೋದಲ್ಲಿ ಹುಟ್ಟಿ ಅಲ್ಲಿನ ಕನ್ಸರ್ವೇಟರಿಯಲ್ಲಿ ಕಲಿತ ಮೆಟ್ನರ್ 1921ರಲ್ಲಿ ರಷ್ಯ ಬಿಟ್ಟರು. ಜರ್ಮನಿ, ಫ್ರಾನ್ಸ್‌ಗಳಲ್ಲಿ ಕೆಲಕಾಲ ಇದ್ದು 1935ರಲ್ಲಿ ಲಂಡನ್ನಿಗೆ ಬಂದರು. ಆಪ್ತಮಿತ್ರ ರಖ್ಮಾನಿನೊವ್ ತಮ್ಮ ನಾಲ್ಕನೆಯ ಪಿಯಾನೊ ಕನ್ಚರ್ಟೊವನ್ನು (ವಾದ್ಯವೃಂದದೊಂದಿಗೆ ನುಡಿಸುವ ದೀರ್ಘ ರಚನೆ) ಇವರಿಗೆ ಅರ್ಪಿಸಿದ್ದರು. ಆದರೆ ಆಧುನಿಕ ಪ್ರಯೋಗಗಳನ್ನು ಒಪ್ಪದ ಮೆಟ್ನರ್ ಸಂಗೀತಕ್ಕೆ ಕೇಳುಗರು ಕಡಿಮೆಯಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು, 1942ರಲ್ಲಿ ಹೃದಯಾಘಾತವಾಯಿತು. ಶಿಷ್ಯೆ ಎಡ್ನಾ ಐಲ್ಸ್ ಮನೆಯವರ ಆಶ್ರಯದಲ್ಲಿ ಚೇತರಿಸಿಕೊಂಡು ಮೂರನೆಯ ಕನ್ಚರ್ಟೊ ಮುಗಿಸಿ, 1944ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅದನ್ನು ನುಡಿಸಿದರು.

ಮೈಸೂರಿನ ನೆರವು

ಜಯಚಾಮರಾಜ ಒಡೆಯರ್ ಪಿಯಾನೊ ಅಭ್ಯಾಸ ಮಾಡಿದವರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೊ ಆದವರು. ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳ ವಾಗ್ಗೇಯಕಾರರೂ ಹೌದು. ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದ ಅವರ ನೆರವಿನಿಂದಲೇ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಮೊದಲ ಬಾರಿಗೆ ವೇದಿಕೆ ಕಂಡವು. ಆ ಕಾಲದಲ್ಲಿ ಅಪರೂಪದ ಸಂಗೀತದ ಧ್ವನಿಮುದ್ರಿಕೆಗಳನ್ನು ಚಂದಾದಾರರಿಂದ ಮುಂಗಡ ಹಣ ಪಡೆದು ಹೊರತರುವ ಪದ್ಧತಿ ಇತ್ತು. ಆದರೆ ಮೆಟ್ನರ್ ಧ್ವನಿಮುದ್ರಣದ ಖರ್ಚನ್ನು ಮಹಾರಾಜರೇ ಭರಿಸಿದರು.

ಧ್ವನಿಮುದ್ರಣಗಳು

ಮೂರು ಕನ್ಚರ್ಟೊಗಳ ಧ್ವನಿಮುದ್ರಣ ನಡೆದದ್ದು 1947ರಲ್ಲಿ, ಮೈಸೂರು ಸಂಸ್ಥಾನ ಭಾರತ ಒಕ್ಕೂಟ ಸೇರಿದ ವರ್ಷದಲ್ಲಿ. ಫಿಲ್‌ಹಾರ್ಮೋನಿಯ ವಾದ್ಯವೃಂದದೊಂದಿಗೆ ಪಿಯಾನೊ ನುಡಿಸಿದ ಮೆಟ್ನರ್‌ಗೆ ಆಗ 67 ವರ್ಷ, ಹೃದ್ರೋಗ ಬೇರೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿದ್ದುದರಿಂದ ದೀರ್ಘ ಕೃತಿಗಳನ್ನು ತುಂಡು ತುಂಡಾಗಿ ನುಡಿಸಬೇಕಿತ್ತು. ಸೊನಾಟಾಗಳು, ‘ಕಥೆ’ಗಳೆಂದು ಅವರು ಕರೆದ ಕಿರುರಚನೆಗಳೂ ಧ್ವನಿಮುದ್ರಣಗೊಂಡವು. ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದ ಗೀತೆಗಳಿಗೂ ಮೆಟ್ನರ್ ಪಿಯಾನೊ ಸಾಥಿ ನೀಡಿದರು. ಕೃತಜ್ಞತೆಯಿಂದ ಮೂರನೆಯ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು.

ಮಹತ್ವ

ಎಲ್ಲ ಕೃತಿಗಳನ್ನೂ ಧ್ವನಿಮುದ್ರಿಸುವ ಉದ್ದೇಶ ಪೂರ್ತಿಯಾಗುವ ಮುನ್ನವೇ, 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡರು. ಪತ್ನಿ ಆನಾ ಮಾಸ್ಕೋಗೆ ಮರಳಿದರು. ಸಮಗ್ರ ಕೃತಿಗಳ ಸ್ವರಲಿಪಿ 1959-63ರಲ್ಲಿ ಅಲ್ಲಿ ಪ್ರಕಟವಾಯಿತು. ಸ್ವರಲಿಪಿ ಹೇಳದ ಲಯದ ಎಳೆತ, ಒತ್ತು, ನಿಲುಗಡೆಗಳನ್ನು ರಚನಕಾರರಿಂದಲೇ ಕೇಳಿ ತಿಳಿಯಲು ಪಿಯಾನೊ ವಾದಕರಿಗೆ ಮೈಸೂರಿನ ಹಣದಲ್ಲಿ ಆದ ಈ ಧ್ವನಿಮುದ್ರಿಕೆಗಳೇ ಮುಖ್ಯ ಆಧಾರ.