ಕುಮರಿಯ ಹೊಗೆ, ಕಲ್ಲಿದ್ದಲ ಹೊಗೆ

ಮನುಷ್ಯನ ಕೈವಾಡದಿಂದ ಹವಾಮಾನ ಕೆಡುತ್ತದೆಂಬ ವಿಚಾರ ಇತ್ತೀಚಿನದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆಯಾದರೂ, ದಕ್ಷಿಣ ಭಾರತದಲ್ಲಿ ಅದು 1840ರ ದಶಕದಲ್ಲೇ ಚರ್ಚೆಯಲ್ಲಿತ್ತು. ಚರ್ಚಿಸುತ್ತಿದ್ದವರು ಹೆಚ್ಚಾಗಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರು. ಕಾಡು ಕಡಿದ ಸೀಮೆಯಲ್ಲಿ ಮಳೆ ಕಡಿಮೆಯಾಗಿ, ತೊರೆಗಳು ಬತ್ತಿ, ನೆಲ ಒಣಗುತ್ತದೆಂಬ ‘ಶುಷ್ಕೀಕರಣ’ ಸಿದ್ಧಾಂತವನ್ನು ಅವರು ನಂಬಿದ್ದರು. 1800ರಲ್ಲಿ ವೆನಿಜುವೆಲಾದ ವೆಲೆನ್ಸಿಯಾ ಸರೋವರ ಇಳಿಯುತ್ತಿದ್ದುದನ್ನು ಕಂಡ ಅಲೆಕ್ಸಾಂಡರ್ ಹಂಬೋಲ್ಟ್ ಸುತ್ತಲಿನ ಕಾಡಿನ ನಾಶವೇ ಅದಕ್ಕೆ ಕಾರಣವೆಂದು ಬರೆದದ್ದು ಅವರಿಗೆ ಆಧಾರವಾಗಿತ್ತು. ಆ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಮಲೆನಾಡಿನ ಕಾಡು ಕರಗುತ್ತಿರುವುದನ್ನು ಕಣ್ಣಾರೆ ಕಂಡನು. ಉಷ್ಣವಲಯದ ಕಾಡುಗಳ ನಾಶದ ಪರಿಣಾಮಗಳನ್ನು ಕುರಿತು 1851ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿಗೆ ಸಲ್ಲಿಕೆಯಾದ ವರದಿಯ ಹಿಂದೆಯೂ ಅವನಿದ್ದನು.

ಕ್ಲೆಗಾರ್ನನ ಕಣ್ಣಿಗೆ ಬಿದ್ದ ಮುಖ್ಯ ಅಪರಾಧಿ ಕುಮರಿ ಬೇಸಾಯ. ಇಳಿಜಾರಿನ ಕಾಡನ್ನು ಸವರಿ, ಒಣಗಿದ ಮೇಲೆ ಸುಟ್ಟು, ಬೂದಿ ಬಿದ್ದ ನೆಲದಲ್ಲಿ ಒಂದೆರಡು ವರ್ಷ ರಾಗಿ ಮುಂತಾದ ಬೆಳೆ ತೆಗೆದು, ನೆಲವನ್ನು ಹಲವು ವರ್ಷ ಬೀಳುಬಿಟ್ಟು ಬೇರೆಡೆಗೆ ಹೋಗುವ ಈ ಪದ್ಧತಿ ಪಶ್ಚಿಮ ಘಟ್ಟದ ಅನೇಕ ಸಮುದಾಯಗಳ ಜೀವನಾಧಾರವಾಗಿತ್ತು. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಕನಾದ ಕ್ಲೆಗಾರ್ನ್ ಅದರ ವಿರುದ್ಧ ಬಲವಾಗಿ ವಾದಿಸಿದನು, ಮತ್ತು 1860ರ ಹೊತ್ತಿಗೆ, ಆಗಿನ್ನೂ ಮದ್ರಾಸಿಗೆ ಸೇರಿದ್ದ ಕೆನರಾ ಜಿಲ್ಲೆಯನ್ನೂ ಒಳಗೊಂಡು, ಕುಮರಿಯ ಮೇಲೆ ಕಟ್ಟುನಿಟ್ಟಿನ ನಿರ್ಬಂಧ ಬಂತು. ಆದರೆ ಅದೇ ಕಾಲದಲ್ಲಿ ರೈಲು ಹಳಿಯ ಕೆಳಗೆ ಹಾಸುವ ಸ್ಲೀಪರ್ ದಿಮ್ಮಿಗಳಿಗಾಗಿ ಕಾಡು ಇನ್ನೂ ವೇಗವಾಗಿ ಉರುಳುತ್ತಿತ್ತು. ಬಂಗಾಳದ ರಾಣಿಗಂಜ್ ಗಣಿಗಳು ದೂರವಿದ್ದುದರಿಂದ ದಕ್ಷಿಣದ ಉಗಿಬಂಡಿಗಳ ಒಲೆಗೂ ಬಹುಕಾಲ ಸೌದೆಯೇ ಗತಿಯಾಗಿತ್ತು. ಇದು ಕ್ಲೆಗಾರ್ನನಿಗೆ ತಿಳಿಯದ ಸಂಗತಿಯೇನಲ್ಲ, ಆದರೆ ನಿಷೇಧದ ಬಿಸಿ ತಟ್ಟಿದ್ದು ಮಾತ್ರ ಗುಡ್ಡದ ಬೇಸಾಯಗಾರನಿಗೆ. ಕಲ್ಲಿದ್ದಲು ಬಂದಷ್ಟೂ ಮರ ಉಳಿಯುತ್ತದೆ ಎಂಬುದು ಆ ಕಾಲಕ್ಕೆ ಸಹಜವಾದ ಲೆಕ್ಕವಾಗಿತ್ತು.

ಆ ಲೆಕ್ಕವನ್ನು ತಲೆಕೆಳಗು ಮಾಡುವ ಪ್ರಯೋಗವೊಂದು ಕ್ಲೆಗಾರ್ನ್ ಸಂರಕ್ಷಕನಾದ 1856ರಲ್ಲೇ ಅಮೆರಿಕದಲ್ಲಿ ಪ್ರಕಟವಾಯಿತೆಂಬುದು ಕಾಕತಾಳೀಯ. ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ ಬಿಸಿಲಿಗಿಟ್ಟ ಯೂನಿಸ್ ಫೂಟ್, ಇಂಗಾಲದ ಡೈಆಕ್ಸೈಡ್ ಎಲ್ಲಕ್ಕಿಂತ ಹೆಚ್ಚು ಕಾಯುವುದನ್ನು ಗಮನಿಸಿದಳು. ನೆಲದಿಂದ ಮೇಲೇರುವ ಶಾಖವನ್ನು ಇಂಥ ಅನಿಲಗಳು ಹೀರಿ ಹಿಡಿದಿಡುತ್ತವೆಂಬುದನ್ನು, ಎಂದರೆ ಇಂದು ‘ಹಸಿರುಮನೆ ಪರಿಣಾಮ’ ಎನಿಸಿಕೊಂಡಿರುವ ಕ್ರಿಯೆಯ ಮೂಲವನ್ನು, 1859ರಿಂದ ಜಾನ್ ಟಿಂಡಾಲ್ ಅಳೆದು ತೋರಿಸಿದನು. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್‍ಹೇನಿಯಸ್, ಈ ಅನಿಲ ಇಮ್ಮಡಿಯಾದರೆ ಭೂಮಿ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್ ಕಾಯುವುದೆಂದು ಗುಣಿಸಿದನು. ಚಳಿನಾಡಿನ ಆ ವಿಜ್ಞಾನಿಗೆ ಅದು ಶುಭಸುದ್ದಿಯಂತೆಯೇ ಕಂಡಿತ್ತು. ಕೈಗಾರಿಕೆಗಳಿಗೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 280 ಭಾಗವಿದ್ದ ಈ ಅನಿಲ, 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ತೊಡಗಿದಾಗ 315ರಷ್ಟಾಗಿತ್ತು, ಇಂದು 420ನ್ನು ದಾಟಿದೆ.

ಈ ತಿಳಿವಳಿಕೆಯ ಬೆಳಕಿನಲ್ಲಿ ಕುಮರಿಯ ಮೇಲಿನ ಆರೋಪ ಬಹಳಷ್ಟು ಸಡಿಲವಾಗುತ್ತದೆ. ಸುಟ್ಟ ಮರದ ಇಂಗಾಲವನ್ನು ಬೀಳುಬಿಟ್ಟ ನೆಲದಲ್ಲಿ ಮತ್ತೆ ಬೆಳೆಯುವ ಕಾಡು, ಸಾಕಷ್ಟು ಕಾಲ ಸಿಕ್ಕರೆ, ಬಹುಮಟ್ಟಿಗೆ ಹಿಂದಕ್ಕೆ ಪಡೆಯುತ್ತದೆ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲಿನ ಇಂಗಾಲಕ್ಕೆ ಹಾಗೆ ಮರಳುವ ದಾರಿ ಮನುಷ್ಯನ ಕಾಲಮಾನದಲ್ಲಿಲ್ಲ. ಮರಳಿ ಬೆಳೆಯಲು ಬಿಡದೆ ಕಾಡನ್ನು ಶಾಶ್ವತವಾಗಿ ತೆಗೆದುಹಾಕುವುದು ಬೇರೆಯೇ ಮಾತು, ಅದು ಇಂದಿಗೂ ತಾಪಮಾನ ಏರಿಕೆಯ ಕಾರಣಗಳಲ್ಲೊಂದು.

ಬರಗಳ ವಿಷಯದಲ್ಲೂ ಹಳೆಯ ಸಿದ್ಧಾಂತ ಎಡವಿತ್ತು. ಧಾತು, ಈಶ್ವರ ಸಂವತ್ಸರಗಳ, ಎಂದರೆ 1876–78ರ ಬರದಿಂದ ಮೈಸೂರು ಸಂಸ್ಥಾನ ಎಷ್ಟು ಕುಗ್ಗಿತೆಂದರೆ, 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದಷ್ಟಾಗಿತ್ತು. ಆ ಮಳೆ ತಪ್ಪಿದ್ದರ ಹಿಂದೆ ಪೆಸಿಫಿಕ್ ಸಾಗರದ ಮೇಲ್ಪದರ ಅತಿಯಾಗಿ ಕಾಯುವ ಎಲ್ ನಿನೊ ಎಂಬ ವಿದ್ಯಮಾನವಿತ್ತೆಂಬುದು ಸ್ಪಷ್ಟವಾಗಲು ಮುಂದಿನ ಶತಮಾನವೇ ಬೇಕಾಯಿತು. ಅಷ್ಟು ಜನ ಸಾಯಲು ಮಳೆಯೊಂದೇ ಕಾರಣವಲ್ಲ, ಅಂದಿನ ಆಡಳಿತದ ಜಿಪುಣತನವೂ ಕಾರಣ.

ಈಗಿನ ಬದಲಾವಣೆಯ ಸ್ವರೂಪ ಬೇರೆ. ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದಾದ್ದರಿಂದ, ಮಳೆ ಬಂದಾಗ ಒಮ್ಮೆಗೇ ಸುರಿಯುವ ಸಂಭವ ಹೆಚ್ಚುತ್ತದೆ, ಮಳೆಯಿಲ್ಲದ ದಿನಗಳಲ್ಲಿ ನೆಲ ಬೇಗ ಒಣಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇಂಥ ಒಂದೊಂದು ಘಟನೆಯನ್ನೂ ಜಾಗತಿಕ ತಾಪದ ಖಾತೆಗೇ ಪೂರ್ತಿ ಬರೆಯಲಾಗದು: 2023ರಲ್ಲೂ ಎಲ್ ನಿನೊ ಇತ್ತು, ಕೊಡಗಿನಲ್ಲಿ ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಕಡಿದು ಸಮತಟ್ಟು ಮಾಡಿದ್ದೂ ಕುಸಿತಕ್ಕೆ ದಾರಿ ಮಾಡಿಕೊಟ್ಟಿತ್ತು. ಮರಗಳು ಹೋದರೆ ಇಳಿಜಾರಿನ ಮಣ್ಣು ನಿಲ್ಲದೆಂಬ ಕ್ಲೆಗಾರ್ನನ ಕಾಲದವರ ಎಚ್ಚರಿಕೆ, ಮಳೆಯ ಬಗೆಗಿನ ಅವರ ವಾದಕ್ಕಿಂತ ಗಟ್ಟಿಯಾಗಿ ಉಳಿದಿರುವುದು ಇಲ್ಲಿಯೇ.