ತಂತಿಯಿಲ್ಲದ ಲಗಾಮು

ರಥವೆಂದ ಮೇಲೆ ಸಾರಥಿಯೂ ಅದರ ಮೇಲೆಯೇ ಕುಳಿತಿರಬೇಕೆಂಬುದು ನಮ್ಮ ಕಾವ್ಯಪುರಾಣಗಳ ರೂಢಿ. ಕೃಷ್ಣನಾಗಲಿ, ಮಾತಲಿಯಾಗಲಿ, ಶಲ್ಯನಾಗಲಿ, ರಥದ ಮುಂಭಾಗದಲ್ಲಿ ಕುಳಿತೇ ಕುದುರೆಗಳನ್ನು ನಡೆಸಿದವರು. ಒಡೆಯನ ಮನಸ್ಸನ್ನರಿತು ತಾನಾಗಿ ಚಲಿಸುತ್ತಿದ್ದ ಪುಷ್ಪಕವೊಂದು ಮಾತ್ರ ಈ ರೂಢಿಗೆ ಹೊರತು. ಬಂಡಿ ಒಂದು ಕಡೆ, ಅದನ್ನು ನಡೆಸುವವನು ಇನ್ನೊಂದು ಕಡೆ, ನಡುವೆ ಹಗ್ಗವೂ ಇಲ್ಲ ತಂತಿಯೂ ಇಲ್ಲ ಎಂಬ ಸ್ಥಿತಿಯನ್ನು ಕಾಣಲು ಲೋಕವು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಈಗ ಅದು ಮಕ್ಕಳ ಆಟಿಕೆಯಾಗಿದೆ. ಕೊಪ್ಪ ತಾಲ್ಲೂಕಿನ ಭಂಡಿಗಡಿಯಂಥ ಊರಿನಲ್ಲಿ, ಅಡಿಕೆ ಒಣಹಾಕುವ ಅಂಗಳದ ಒಂದು ಮೂಲೆಯಲ್ಲಿ ನಿಂತು ಹುಡುಗನೊಬ್ಬ ಗುಂಡಿಯೊತ್ತಿದರೆ, ಇನ್ನೊಂದು ಮೂಲೆಯಲ್ಲಿರುವ ಅಂಗೈಯಗಲದ ಬಂಡಿ ಚಂಗನೆ ತಿರುಗುತ್ತದೆ. ಊರಿನ ಹೆಸರು ಕಿವಿಗೆ ಬಿದ್ದರೇ ಬಂಡಿಯ ನೆನಪಾಗುವಾಗ, ಈ ಹೊಸ ಬಂಡಿಯ ಹಿಂದಿನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದರೆ ಅಪ್ರಸ್ತುತವಾಗದು.

ಕಣ್ಣಿಗೆ ಕಾಣದ ಅಲೆಗಳಿಂದ ದೂರದ ವಸ್ತುವಿನಲ್ಲಿ ಕೆಲಸ ಮಾಡಿಸಬಹುದೆಂದು ತೋರಿಸಿದವರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಮೊದಲಿಗರು. 1895ರ ಸುಮಾರಿಗೆ ಕಲ್ಕತ್ತೆಯಲ್ಲಿ ಅವರು ಗೋಡೆಯಾಚೆಯಿಂದ ಅಲೆಗಳನ್ನು ಹಾಯಿಸಿ ಗಂಟೆ ಬಾರಿಸಿದರು, ಮದ್ದಿನ ಪುಡಿಗೆ ಕಿಡಿ ಹಚ್ಚಿದರು. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ಮಹಾಶಯರು ನ್ಯೂಯಾರ್ಕಿನಲ್ಲಿ, ಬ್ಯಾಟರಿಯಿಂದ ನಡೆಯುವ ಸಣ್ಣ ದೋಣಿಯೊಂದನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು, ಅದನ್ನು ಮುಟ್ಟದೆಯೇ ಬೇಕಾದತ್ತ ತಿರುಗಿಸಿದರು. ನೆಲದ ಮೇಲಿನ ವಾಹನದ ಸರದಿ ಬಂದದ್ದು ಆ ಬಳಿಕ. ಸ್ಪೇನಿನ ಲಿಯೊನಾರ್ಡೊ ತೊರೆಸ್ ಕೆವೆದೊ ಎಂಬ ಯಂತ್ರಶಿಲ್ಪಿ 1904ರಲ್ಲಿ ಮೂರು ಗಾಲಿಯ ಗಾಡಿಯೊಂದನ್ನು ಇಪ್ಪತ್ತು ಮೂವತ್ತು ಮೀಟರು ದೂರದಿಂದ ರೇಡಿಯೋ ಅಲೆಯ ಮೂಲಕ ನಡೆಸಿದ. ಇಂದಿನ ಹುಡುಗರ ಕೈಯಲ್ಲಿರುವ ಬಂಡಿಗಳಿಗೆಲ್ಲ ಆ ಮೂರು ಗಾಲಿಯ ಗಾಡಿಯನ್ನೇ ಮೂಲಪುರುಷನೆನ್ನಬೇಕು.

ನಮ್ಮ ನಾಡಿನಲ್ಲಿ ಅದೇ ಅಲೆಗಳು ಮಾತನ್ನೂ ಸಂಗೀತವನ್ನೂ ಹೊತ್ತವು. ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದಾಗ ಅದರ ಪ್ರೇಷಕದ ಶಕ್ತಿ 30 ವಾಟ್ ಮಾತ್ರ. ಒಂದು ಮಂದ ದೀಪಕ್ಕೆ ಸಾಕಾಗುವಷ್ಟು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸಕ್ತಿ ಬರುತ್ತದೆ.

ಆಟಿಕೆಯ ಬಂಡಿ ಅಂಗಡಿಗೆ ಬಂದದ್ದು 1960ರ ದಶಕದಲ್ಲಿ, ಇಟಲಿಯಲ್ಲಿ. ಅದನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಜಪಾನಿನ ತಾಮಿಯಾ ಸಂಸ್ಥೆಯದು. 1976ರಲ್ಲಿ ಅವರು ಪೋರ್ಷೆ ಕಾರಿನ ಮಾದರಿಯನ್ನು ಮಾರಾಟಕ್ಕಿಟ್ಟರು. 1979ರ ವೇಳೆಗೆ ಮಣ್ಣಿನಲ್ಲಿಯೂ ಮರಳಿನಲ್ಲಿಯೂ ಓಡುವ ಬಂಡಿಗಳು ಬಂದವು. 1984ರಲ್ಲಿ 'ಗ್ರಾಸ್‌ಹಾಪರ್', ಎಂದರೆ ಮಿಡತೆ, ಎಂಬ ಹೆಸರಿನದು ಬಂದು ಜನಪ್ರಿಯವಾಯಿತು. ಇದರಲ್ಲಿ ಗಮನಿಸಬೇಕಾದ ವಿಶೇಷವೊಂದುಂಟು. ಕೊಂಡವನಿಗೆ ಸಿಕ್ಕುತ್ತಿದ್ದುದು ಬಂಡಿಯಲ್ಲ, ಬಂಡಿಯ ಬಿಡಿಭಾಗಗಳ ಪೆಟ್ಟಿಗೆ. ತಿರುಪುಳಿ ಹಿಡಿದು ತಾನೇ ಜೋಡಿಸಬೇಕು. ಜೋಡಿಸಿದವನಿಗೆ ಬಿಚ್ಚುವುದೂ ಗೊತ್ತು, ಬಿಚ್ಚಬಲ್ಲವನಿಗೆ ರಿಪೇರಿಯೂ ಗೊತ್ತು. ಇಂದು ಜಾತ್ರೆಯಲ್ಲಿ ಮಾರುವ, ಒಳಗಿನದನ್ನು ತೆರೆಯಲಿಕ್ಕೇ ಬಾರದಂತೆ ಅಂಟಿಸಿದ ಆಟಿಕೆಗಳನ್ನು ಕಂಡರೆ ನನಗೆ ಅಸಮಾಧಾನವೇ. ಒಂದು ವಾರ ಓಡಿ ಕೆಟ್ಟರೆ ತಿಪ್ಪೆಗೆ ಹೋಗುವ ಬಂಡಿ ಮಕ್ಕಳಿಗೆ ಕಲಿಸುವುದೇನು?

ಎತ್ತಿನ ಗಾಡಿಯ ಕಾಲದವರಿಗೆ ಈ ಮಾತು ಹೊಸದಲ್ಲ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಸಂತೆಗೆ ಹೊರಡುವವನನ್ನು ಊರು ನಗುತ್ತಿತ್ತು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದರೆ ಗಾಲಿಯ ಕಬ್ಬಿಣದ ಪಟ್ಟೆ ಸಡಿಲವಾಗುತ್ತದೆ. ಕಮ್ಮಾರನು ಅದನ್ನು ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ನೀರು ಹೊಯ್ದು ಬಿಗಿಗೊಳಿಸುತ್ತಿದ್ದ. ಕಡಾಣಿಯೊಂದು ಜಾರಿದರೆ ಗಾಲಿಯೇ ಕಳಚಿ ಬೀಳುತ್ತದೆ. ಕೈಕೇಯಿ ತನ್ನ ಬೆರಳನ್ನೇ ಕಡಾಣಿಯಾಗಿಸಿ ದಶರಥನ ರಥವನ್ನು ಉಳಿಸಿದ ಪ್ರಸಂಗವನ್ನು ಹರಿಕಥೆಗಳಲ್ಲಿ ಕೇಳದವರಾರು? ರಾಮಾಯಣದ ವರಗಳ ಕಥೆಯನ್ನು ಒಂದು ಕಡಾಣಿಗೆ ತಗುಲಿಹಾಕಿದ ಜನಪದರ ಜಾಣ್ಮೆ ಮೆಚ್ಚತಕ್ಕದ್ದು.

ಆಟಿಕೆಯ ಬಂಡಿಯಲ್ಲಿಯೂ ಕೀಲೆಣ್ಣೆಯ ಕೆಲಸ ಉಂಟು. ಅಗ್ಗದ ಬಂಡಿಗಳಲ್ಲಿ ಅಚ್ಚು ತಿರುಗುವುದು ಪ್ಲಾಸ್ಟಿಕ್ಕಿನ ಬಳೆಯೊಳಗೆ. ಧೂಳು ಸೇರಿ ಅದು ಸವೆದರೆ ಗಾಲಿ ಅಲುಗಾಡುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ ಬಲ್ಲವರು ಮಾಡುವ ಮೊದಲ ಸುಧಾರಣೆ ಆ ಬಳೆಗಳನ್ನು ತೆಗೆದು ಗುಂಡಿನ ಬೇರಿಂಗು ಕೂರಿಸುವುದು. ಎರಡನೆಯದು ಮೋಟಾರು. ಇಲ್ಲಿ ಹುಡುಗರು ಆತುರಪಡುತ್ತಾರೆ. ದೊಡ್ಡ ಮೋಟಾರು ಹಾಕಿದ ಕೂಡಲೆ ಬಂಡಿ ಬಾಣದಂತೆ ಓಡುವುದು ನಿಜ. ಆದರೆ ಆ ಬಲವನ್ನು ತಾಳದೆ ಹಲ್ಲುಚಕ್ರ ಮುರಿಯುತ್ತದೆ. ಅದನ್ನು ಉಕ್ಕಿನದಾಗಿ ಮಾಡಿದರೆ ಅದರಾಚೆಯ ಅಚ್ಚು ಬಾಗುತ್ತದೆ. ಮೋಟಾರಿನ ಚಿಕ್ಕ ಹಲ್ಲುಚಕ್ರವನ್ನು ದೊಡ್ಡದಾಗಿಸಿದರೆ ವೇಗ ಹೆಚ್ಚೀತು, ಜೊತೆಗೆ ಮೋಟಾರು ಕಾದೀತು. ಎರಡು ಹಲ್ಲುಚಕ್ರಗಳ ನಡುವೆ ಎಷ್ಟು ಸಡಿಲ ಇರಬೇಕೆಂಬುದಕ್ಕೆ ಒಂದು ಸರಳ ಉಪಾಯವಿದೆ: ನಡುವೆ ತೆಳುವಾದ ಕಾಗದದ ಚೂರನ್ನಿಟ್ಟು ತಿರುಪನ್ನು ಬಿಗಿದು, ಬಳಿಕ ಕಾಗದವನ್ನು ಎಳೆದುಬಿಡುವುದು. ಅಷ್ಟೇ ಸಡಿಲ ಸಾಕು.

ನಮ್ಮ ಮಲೆನಾಡಿನಲ್ಲಾದರೆ ಇನ್ನೊಂದು ಶತ್ರು, ಮಳೆ. ಒದ್ದೆ ನೆಲದಲ್ಲಿ ಓಡಿಸಿ ಹಾಗೆಯೇ ಮೂಲೆಗಿಟ್ಟರೆ ಬೇರಿಂಗು ತುಕ್ಕು ಹಿಡಿಯುತ್ತದೆ. ಕೆಸರನ್ನು ಒಣಬಟ್ಟೆಯಿಂದ ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಬ್ಯಾಟರಿಯನ್ನು ಬೇರೆ ತೆಗೆದಿಡಬೇಕು. ಈಗಿನ ಲಿಥಿಯಮ್ ಬ್ಯಾಟರಿಗಳಂತೂ ಬಲು ಸೂಕ್ಷ್ಮ. ಒಂದೊಂದು ಕೋಶವು 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ, 4.2 ವೋಲ್ಟ್ ಮೀರಿ ತುಂಬಿದರೆ ಬೆಂಕಿಯ ಅಪಾಯ. ಅಲೆಗಳ ವಿಷಯದಲ್ಲಿ ಮಾತ್ರ ಕಾಲ ಸುಧಾರಿಸಿದೆ. ಹಿಂದೆ 27 ಮೆಗಾಹರ್ಟ್ಸಿನ ಒಂದೇ ಕಂಪನಾಂಕಕ್ಕೆ ಹೊಂದಿಸಿದ ಎರಡು ಬಂಡಿಗಳು ಎದುರಾದರೆ, ಒಬ್ಬನ ಆಜ್ಞೆಗೆ ಇನ್ನೊಬ್ಬನ ಬಂಡಿ ಕುಣಿಯುತ್ತಿತ್ತು. ರಾತ್ರಿಯ ವೇಳೆ ರೇಡಿಯೋದಲ್ಲಿ ಎರಡು ನಿಲಯಗಳು ಒಂದರ ಮೇಲೊಂದು ಮಾತಾಡುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2.4 ಗಿಗಾಹರ್ಟ್ಸಿನ ಈಗಿನ ಸಲಕರಣೆಗಳಲ್ಲಿ ಪ್ರತಿಯೊಂದು ಬಂಡಿಯೂ ತನ್ನ ಒಡೆಯನ ದನಿಯನ್ನಷ್ಟೇ ಗುರುತಿಸುತ್ತದೆ.

ಇಷ್ಟೆಲ್ಲ ಆರೈಕೆ ಸಾಧ್ಯವಾಗುವುದು ಬಂಡಿ ನಮ್ಮ ಕೈಗೆ ಸಿಕ್ಕುವಾಗ. ಸಿಕ್ಕದಿದ್ದರೆ? ಕರ್ಣನ ರಥದ ಗಾಲಿ ಹೂತಾಗ ಅವನು ಕೆಳಗಿಳಿದು ಎತ್ತಲಾದರೂ ಯತ್ನಿಸಿದ. ಆದರೆ 1970ರ ನವೆಂಬರಿನಲ್ಲಿ ರಷ್ಯದವರು ಚಂದ್ರನ ಮೇಲಿಳಿಸಿದ ಎಂಟು ಗಾಲಿಯ 'ಲುನೊಖೋದ್' ಬಂಡಿಗೆ ಅಂಥ ಸೌಕರ್ಯವಿರಲಿಲ್ಲ. ಐದು ಜನ ಸಾರಥಿಗಳು ಭೂಮಿಯಲ್ಲಿ ಕುಳಿತೇ ಅದನ್ನು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆಸಿದರು.

ಕರ್ನಾಟಕದ ನೆಲದಲ್ಲಿ ಕುಳಿತು ನಡೆಸಿದ ಅಂಥ ಬಂಡಿ 'ಪ್ರಜ್ಞಾನ್'. ಮೊದಲನೆಯ ಪ್ರಜ್ಞಾನ್ ನೆಲ ಮುಟ್ಟಲೇ ಇಲ್ಲ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಅದನ್ನು ಹೊತ್ತ ವಿಕ್ರಮ್ ನೌಕೆ ಇಳಿಯುವಾಗ ದಾರಿ ತಪ್ಪಿ ಅಪ್ಪಳಿಸಿತು. ಬೆಂಗಳೂರಿನ ಕೇಂದ್ರದಲ್ಲಿ ಅಂದು ಕವಿದ ಮೌನವನ್ನು ದೇಶವೆಲ್ಲ ಕಂಡಿತು. ಆಮೇಲಿನ ನಾಲ್ಕು ವರ್ಷ ನಡೆದದ್ದನ್ನು ಸುಧಾರಣೆ ಎನ್ನುವುದಕ್ಕಿಂತ ಕಡಾಣಿಯ ಪರೀಕ್ಷೆ ಎನ್ನುವುದೇ ಸರಿ. ಏನೇನು ಕೆಡಬಹುದು, ಕೆಟ್ಟರೂ ಹೇಗೆ ಇಳಿಯಬಹುದು ಎಂಬ ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ನೌಕೆಯನ್ನು ಮತ್ತೆ ಕಟ್ಟಿದರು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು, ಐದು ಎಂಜಿನುಗಳಿದ್ದುದು ನಾಲ್ಕಾಯಿತು, ವೇಗವನ್ನು ಅಳೆಯುವ ಲೇಸರ್ ಉಪಕರಣ ಹೊಸದಾಗಿ ಸೇರಿತು. ಇಳಿಯುವ ಜಾಗವನ್ನು ಅರ್ಧ ಕಿಲೋಮೀಟರಿನ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲದ ಬಯಲಿಗೆ ಹಿಗ್ಗಿಸಿದರು. ಬಲವಾದ ಮೋಟಾರಿಗೆ ಹಾತೊರೆಯುವ ಹುಡುಗರು ಇಲ್ಲಿ ಒಂದು ಎಂಜಿನನ್ನು ತೆಗೆದೇ ಹಾಕಿದರೆಂಬುದನ್ನು ಗಮನಿಸಬೇಕು.

2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಸುಖವಾಗಿ ಇಳಿಯಿತು. ಕೆಲವು ಗಂಟೆಗಳ ಬಳಿಕ 26 ಕಿಲೋಗ್ರಾಂ ತೂಕದ ಪ್ರಜ್ಞಾನ್ ಇಳಿಜಾರು ಹಲಗೆಯ ಮೇಲೆ ಉರುಳಿ ನೆಲಕ್ಕೆ ಬಂತು. ಆರು ಗಾಲಿ, ಸೂರ್ಯನ ಬೆಳಕಿನಿಂದ ಅದಕ್ಕೆ ದೊರೆಯುತ್ತಿದ್ದ ವಿದ್ಯುಚ್ಛಕ್ತಿ 50 ವಾಟ್. ಗೋಪಾಲಸ್ವಾಮಿಯವರ ಪ್ರೇಷಕಕ್ಕಿಂತ ಇಪ್ಪತ್ತು ವಾಟ್ ಹೆಚ್ಚು, ಅಷ್ಟೆ! ಅದರ ಮಾತು ನೇರವಾಗಿ ಭೂಮಿಗೆ ಬರುತ್ತಿರಲಿಲ್ಲ; ಮೊದಲು ವಿಕ್ರಮ್‌ಗೆ, ವಿಕ್ರಮ್‌ನಿಂದ ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿರುವ 32 ಮೀಟರ್ ವ್ಯಾಸದ ಬೋಗುಣಿ ಆಂಟೆನಾಕ್ಕೆ. ಬಂಡಿಯ ಕಣ್ಣುಗಳು ತೆಗೆದ ಚಿತ್ರವನ್ನು ಇಲ್ಲಿ ತರಿಸಿಕೊಂಡು, ನೆಲದ ಏರುತಗ್ಗುಗಳನ್ನು ಲೆಕ್ಕಹಾಕಿ, ದಾರಿ ಗೊತ್ತುಮಾಡಿ ಆಜ್ಞೆ ಕಳಿಸಬೇಕು. ಒಂದು ಆಜ್ಞೆಗೆ ಹೆಚ್ಚೆಂದರೆ 5 ಮೀಟರ್ ನಡಿಗೆ, ಅದೂ ಸೆಕೆಂಡಿಗೆ ಒಂದು ಸೆಂಟಿಮೀಟರಿನ ವೇಗದಲ್ಲಿ. ಆಗಸ್ಟ್ 27ರಂದು 4 ಮೀಟರ್ ಅಗಲದ ಹೊಂಡವೊಂದು 3 ಮೀಟರ್ ಮುಂದೆಯೇ ಕಾಣಿಸಿತು. ಸಾರಥಿಗಳು ಬಂಡಿಯನ್ನು ಬಂದ ದಾರಿಯಲ್ಲೇ ಹಿಂತಿರುಗಿಸಿ ಬೇರೆ ಹಾದಿ ಹಿಡಿಸಿದರು. ಬಿದ್ದಿದ್ದರೆ ಎತ್ತುವವರು ಯಾರೂ ಇರಲಿಲ್ಲ.

ಸೆಪ್ಟೆಂಬರ್ 2ರ ಹೊತ್ತಿಗೆ ಅದು ನೂರು ಮೀಟರ್ ದಾಟಿತ್ತು. ಚಂದ್ರನ ರಾತ್ರಿ ನಮ್ಮ ಹದಿನಾಲ್ಕು ದಿನಗಳಷ್ಟು ದೀರ್ಘ, ಚಳಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ. ಬಂಡಿಯನ್ನು ಆ ರಾತ್ರಿಗೆಂದು ಕಟ್ಟಿರಲಿಲ್ಲ. ಆದರೂ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಮುಂದಿನ ಸೂರ್ಯೋದಯದ ಬೆಳಕು ಬೀಳುವ ಕಡೆಗೆ ಸೌರಫಲಕವನ್ನು ತಿರುಗಿಸಿ, ರೇಡಿಯೋ ಗ್ರಾಹಕವನ್ನು ಮಾತ್ರ ಚಾಲನೆಯಲ್ಲಿಟ್ಟು ಮಲಗಿಸಿದರು. ಸೆಪ್ಟೆಂಬರ್ 22ರಂದು ಭೂಮಿಯಿಂದ ಕರೆ ಹೋಯಿತು, ಉತ್ತರ ಬರಲಿಲ್ಲ. ಆದರೆ ವಿಕ್ರಮ್‌ನ ಮೇಲೆ ಕೂರಿಸಿದ್ದ ಪುಟ್ಟ ಕನ್ನಡಿಯೊಂದಕ್ಕೆ ಬ್ಯಾಟರಿಯ ಹಂಗೂ ಇಲ್ಲ, ಎಣ್ಣೆಯ ಹಂಗೂ ಇಲ್ಲ. ಅದೇ ವರ್ಷದ ಡಿಸೆಂಬರ್ 12ರಂದು ಅಮೆರಿಕದ ಚಂದ್ರಪರಿಭ್ರಮಕ ನೌಕೆಯು ಮೇಲಿನಿಂದ ಲೇಸರ್ ಬೆಳಕನ್ನು ಹಾಯಿಸಿದಾಗ, ಆ ಕನ್ನಡಿ ಬೆಳಕನ್ನು ತಪ್ಪದೆ ಹಿಂದಕ್ಕೆ ಕಳಿಸಿತು.