ವಕೀಲರ ಬಳಿ ಇರುವ ಕಕ್ಷಿದಾರರ ಹಣ: ಅಧಿಕಾರ ಯಾರಿಗೆ?

ಹಲಕರ್ಣಿ, ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರದ ಸದಸ್ಯರ ಗಮನಕ್ಕೆ.

ನಮ್ಮ ಕಡೆಯ ಕೋರ್ಟುಗಳಲ್ಲಿ ವಕಾಲತ್ತು ಸಾಮಾನ್ಯವಾಗಿ ಮರಾಠಿಯಲ್ಲಿರುತ್ತದೆ. ಓದಿಸಿ ಕೇಳದೆ ಸಹಿ ಮಾಡಬೇಡಿರಿ. ಕೋರ್ಟಿನಲ್ಲಿ ಜಮೆಯಾದ ನಿಮ್ಮ ಹಣವನ್ನು ವಕೀಲರೇ ಪಡೆಯುವ ಅಧಿಕಾರವೂ ಅದರಲ್ಲಿ ಸೇರಿರಬಹುದು. ಬೇಡವಾದರೆ ಸಹಿಗೆ ಮೊದಲೇ ಆ ಸಾಲನ್ನು ಹೊಡೆದುಹಾಕಿಸಿರಿ. ಕಾರಕೂನರ ಕೈಗೆ ಹಣ ಕೊಟ್ಟರೂ ವಕೀಲರ ಸಹಿಯ ರಸೀದಿ ಪಡೆಯಿರಿ. (ನಾವೂ ಕಾರಕೂನಿಕೆ ಮಾಡಿದವರೇ, ತಪ್ಪು ತಿಳಿಯಬಾರದು.)

ಭಾರತೀಯ ವಕೀಲರ ಪರಿಷತ್ತಿನ ನಿಯಮ 25ರಂತೆ ಕಕ್ಷಿದಾರರ ಹಣಕ್ಕೆ ವಕೀಲರು ಲೆಕ್ಕ ಇಡಬೇಕು. ದಾವೆ ನಡೆದಿರುವಾಗ ಖರ್ಚಿಗೆಂದು ಕೊಟ್ಟ ಹಣವನ್ನು ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಫೀಗೆ ತಿರುಗಿಸುವಂತಿಲ್ಲ (26). ನಿಮ್ಮ ಪರವಾಗಿ ಹಣ ಬಂದರೆ ಬೇಗನೆ ತಿಳಿಸಬೇಕು (27). ಕೇಳಿದರೆ ಲೆಕ್ಕದ ಪ್ರತಿ ಕೊಡಬೇಕು, ನಕಲಿನ ಖರ್ಚು ನಿಮ್ಮದು (30). ಆ ಹಣವನ್ನು ಸಾಲವೆಂದು ಮಾಡಿಕೊಳ್ಳುವಂತಿಲ್ಲ (31).

ದೂರಿದ್ದರೆ 1961ರ ವಕೀಲರ ಕಾಯ್ದೆಯ ಕಲಂ 35ರಂತೆ ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿಗೆ ಬರೆಯಿರಿ.